ಎರವಲು ತಪ್ಪುಗಳು

ಹೋದ ತಿಂಗಳು ಹರಪನಹಳ್ಳಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ತಮ್ಮನ ಹೆಂಡತಿ ಹೊಸದಾಗಿ ಕೊಂಡ ಗಾಜಿನ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಅದು ನನ್ನ ಕೈಯಿಂದ ಜಾರಿ ಬಿದ್ದು ನಾಲ್ಕು ಚೂರಾಯಿತು. ಲೋಟ ಒಡೆದದ್ದು ದೊಡ್ಡದಲ್ಲ. ಮರುಗಳಿಗೆ ನಾನು ಚೆಲ್ಲಿದ ಮಜ್ಜಿಗೆಯ ನಡುವೆಯೇ ಮೊಣಕಾಲೂರಿ, ಒಂದು ಚೂರನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಕೂತುಬಿಟ್ಟಿದ್ದೆ. ಆಕೆ ಗಾಬರಿಯಾಗಿ ಅಕ್ಕನಿಗೆ ಏನೋ ಆಯಿತೆಂದು ಗಂಡನನ್ನು ಕೂಗಿದಳು. ತಮ್ಮ ಬಂದು ನೋಡಿ, ಏನೂ ಆಗಿಲ್ಲ, ಇದು ಕಾನ್ವೆಂಟಿನ ಕಾಯಿಲೆ, ಒಂದು ನಿಮಿಷ ತಡೆದರೆ ತಾನೇ ಎದ್ದೇಳುತ್ತಾಳೆ ಎಂದು ಸಮಾಧಾನ ಹೇಳಿದ.

ಕಾಯಿಲೆಯೆಂದರೆ ಕಾಯಿಲೆಯೇ. ಕನ್ಯಾಸ್ತ್ರೀಯಾಗಲು ತರಬೇತಿ ಪಡೆದ ಮನೆಯಲ್ಲಿ ಹತ್ತಿದ್ದು, ಇಪ್ಪತ್ತೈದು ವರ್ಷ ದಾಟಿದರೂ ಬಿಟ್ಟಿಲ್ಲ. ಅಲ್ಲಿ ಏನೇ ಒಡೆದರೂ ಅದರ ಚೂರು ಹಿಡಿದು ಸಿಸ್ಟರ್ ಮುಂದೆ ಮೊಣಕಾಲೂರಬೇಕಿತ್ತು. ಅವರು ತಲೆಯಾಡಿಸಿದ ಮೇಲೆ ಏಳಬೇಕು. ಸ್ಟೀಲ್ ತಟ್ಟೆ ಬಿದ್ದರೆ ಒಡೆಯುವುದಿಲ್ಲವಲ್ಲ, ಅದಕ್ಕೂ ಮೊಣಕಾಲೂರಬೇಕೇ ಎಂದು ನನ್ನ ಗೆಳತಿ ಶಾಂತಿ ಒಮ್ಮೆ ವಾದ ಹೂಡಿದ್ದಳು. ಆದ ಸದ್ದಿಗಾಗಿ ಮೊಣಕಾಲೂರು ಎಂದು ಸಿಸ್ಟರ್ ತೀರ್ಪು ಕೊಟ್ಟರು. ಅಂದಿನಿಂದ ಅವಳು ಸ್ಟೀಲ್ ತಟ್ಟೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಓಡಾಡತೊಡಗಿದಳು.

ನಮ್ಮ ಆ ಮನೆ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ರೈಲ್ವೆ ಸ್ಟೇಷನ್ನಿನ ಆಚೆ. ಆಗ ಆ ಸ್ಟೇಷನ್ನಿನಲ್ಲಿ ರೈಲಿಗಿಂತ ಆಡುಗಳೇ ಹೆಚ್ಚು ನಿಲ್ಲುತ್ತಿದ್ದವು. ಮನೆಯಲ್ಲಿ ನಾವು ಆರು ಹುಡುಗಿಯರು, ಇಬ್ಬರು ಸಿಸ್ಟರು. ನಮ್ಮನ್ನು ತಿದ್ದುವ ಹೊಣೆ ಸಿಸ್ಟರ್ ಬೆನೆಡಿಕ್ಟಾ ಅವರದು. ಅವರು ಮಂಗಳೂರಿನ ಕಡೆಯವರು, ಪುಸ್ತಕದಂಥ ಕನ್ನಡ, ನಡುನಡುವೆ ಒಂದು ಮಾರಾಯ್ತಿ. ಇನ್ನೊಬ್ಬರು ಸಿಸ್ಟರ್ ರೊಜಾಲಿಯ, ಎಂಬತ್ತರ ಹತ್ತಿರದ ಅಜ್ಜಿ, ಕೊಟ್ಟೂರಿನ ಕಡೆಯವರು. ಮಂಡಿನೋವು, ಶುಗರ್, ಮಂದಗಣ್ಣು ಎಲ್ಲವೂ ಇತ್ತು. ಆದರೂ ದಿನಾ ಬೆಳಿಗ್ಗೆ ಉಗ್ರಾಣದಲ್ಲಿ ಕೂತು ಜೋಳ, ಅಕ್ಕಿ, ಬೇಳೆ ಹಸನು ಮಾಡುವ ಕೆಲಸ ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ನಾನು ತೆಲಿಗಿಯವಳು. ನಮ್ಮಪ್ಪ ಬಸ್ಸು ನಿಲ್ಲುವ ಜಾಗದಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದ. ಊರಲ್ಲಿ ಕ್ರೈಸ್ತರ ಮನೆ ನಾಲ್ಕೇ ನಾಲ್ಕು. ಅವುಗಳಲ್ಲಿ ಒಂದರ ಹುಡುಗಿ ಸಿಸ್ಟರ್ ಆಗುತ್ತಾಳಂತೆ ಎಂಬ ಸುದ್ದಿಯನ್ನು ಅಪ್ಪ ಪಂಕ್ಚರ್ ಆದವರಿಗೆಲ್ಲ ಹೇಳಿದ್ದ, ಆಗದವರಿಗೂ ಗಾಳಿ ಹಾಕುತ್ತ ಹೇಳಿದ್ದ. ನನ್ನ ಸೋದರತ್ತೆಗೆ ಮಾತ್ರ ಇದು ಸರಿಬರಲಿಲ್ಲ. ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಲೆಕ್ಕ ಹಾಕಿದ್ದವಳು ಆಕೆ. ನಾನು ಟ್ರಂಕು ಹಿಡಿದು ಬಸ್ಸು ಹತ್ತುವಾಗ, ಎಲ್ಲರಿಗೂ ಕೇಳುವಂತೆ, "ನೋಡ್ತಿರ್ರಿ, ಒಂದು ವರ್ಷ ಆಗೂದ್ರಾಗ ಇದೇ ಟ್ರಂಕು ಇದೇ ಬಸ್ಸಿನಾಗ ವಾಪಸ್ ಬರ್ತೈತಿ" ಅಂದಳು. ದೇವರಾಣೆ ಹೇಳುತ್ತೇನೆ, ಮೊದಲ ತಿಂಗಳು ಬೆಳಗಿನ ಐದು ಗಂಟೆಯ ಗಂಟೆಗೆ ನಾನು ಧಡಕ್ಕನೆ ಏಳುತ್ತಿದ್ದದ್ದು ದೇವರ ಮೇಲಿನ ಪ್ರೀತಿಯಿಂದಲ್ಲ, ಆ ಅತ್ತೆಯ ಮಾತಿಗೆ.

ಒಂದು ವರ್ಷದ ಕೊನೆಗೆ ಮಂಗಳೂರಿನಿಂದ ದೊಡ್ಡ ಮದರ್ ಬರುತ್ತಾರೆ, ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಒಪ್ಪಿದವರನ್ನು ಮುಂದಿನ ಹಂತಕ್ಕೆ, ಅಂದರೆ ಕರಾವಳಿಯಲ್ಲಿರುವ ನೊವಿಶಿಯೇಟಿಗೆ ಕಳಿಸುತ್ತಾರೆ. ಅಲ್ಲಿ ಬಿಳಿ ಉಡುಪು, ಎರಡು ವರ್ಷ ಪ್ರಾರ್ಥನೆ ಮತ್ತು ಪಾಠ, ಆಮೇಲೆ ವ್ರತ. ಒಪ್ಪದವರಿಗೆ ಟ್ರಂಕು, ಬಸ್ಸು, ಅತ್ತೆ.

ಅದಕ್ಕಾಗಿ ನಾನು ಆ ವರ್ಷವಿಡೀ ಬಹಳ ಒಳ್ಳೆಯವಳಾಗಿದ್ದೆ. ಎಷ್ಟು ಒಳ್ಳೆಯವಳೆಂದರೆ ನನಗೇ ನನ್ನ ಮೇಲೆ ಗೌರವ ಬರುತ್ತಿತ್ತು. ಗಂಟೆ ಬಾರಿಸಿದರೆ ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಏಳಬೇಕೆಂಬ ನಿಯಮವಿತ್ತು. ಅಪ್ಪನಿಗೆ ಬರೆದ ಕಾಗದದಲ್ಲಿ ನಾನು ಒಂದು ದೀರ್ಘವನ್ನು ಬಿಟ್ಟು ಎದ್ದಿದ್ದೆ, ತಿರುಗಿ ಬಂದ ಮೇಲೂ ಅದನ್ನು ಹಾಕಲಿಲ್ಲ, ನಿಷ್ಠೆ ಅಪ್ಪನಿಗೂ ಗೊತ್ತಾಗಲೆಂದು. ಊಟದ ಹೊತ್ತಿನಲ್ಲಿ ಮಾತಾಡುವಂತಿರಲಿಲ್ಲ. ಒಬ್ಬಳು ಸಂತರ ಚರಿತ್ರೆ ಓದುತ್ತಿದ್ದಳು, ಉಳಿದವರು ಉಪ್ಪಿಗೆ ಎರಡು ಬೆರಳು ಉಜ್ಜಬೇಕು, ನೀರಿಗೆ ಹೆಬ್ಬೆರಳು ಎತ್ತಬೇಕು. ಕರಾವಳಿಯ ಗಂಜಿ ತಿಂದು ತಿಂದು ಸಾಕಾದ ನಾವು ಜೋಳದ ರೊಟ್ಟಿಗೆ ಒಂದು ಸನ್ನೆ ಕಂಡುಹಿಡಿದಿದ್ದೆವು, ಅಂಗೈ ಮೇಲೆ ಅಂಗೈ ತಟ್ಟುವುದು. ಸಿಸ್ಟರ್ ಬೆನೆಡಿಕ್ಟಾ ಅದನ್ನು ಬಹುದಿನ ದೇವಸ್ತುತಿ ಎಂದೇ ತಿಳಿದಿದ್ದರು. ಗೊತ್ತಾದ ಮೇಲೆ ಬೈಯಲಿಲ್ಲ, ತಾವೇ ರೊಟ್ಟಿ ಬಡಿಯಲು ಕೂತರು. ಅವರ ಮೊದಲ ರೊಟ್ಟಿಗೆ ಐದು ಮೂಲೆಗಳಿದ್ದವು.

ಶಾಂತಿ ನನ್ನ ತದ್ವಿರುದ್ಧ. ಹಡಗಲಿ ತಾಲ್ಲೂಕಿನ ಹೊಳಲಿನವಳು. ಊರಿಂದ ಯಾರಾದರೂ ಬಂದರೆ ಅವಳಿಗೆ ಮಲ್ಲಿಗೆ ಮಾಲೆ ಬರುತ್ತಿತ್ತು. ಮುಡಿಯುವಂತಿಲ್ಲವಾದ್ದರಿಂದ ಮರಿಯಮ್ಮನವರ ಪ್ರತಿಮೆಗೆ ಹಾಕಿ, ಆ ದಿನವೆಲ್ಲ ಪ್ರತಿಮೆಯ ಹತ್ತಿರ ವಿಪರೀತ ಭಕ್ತಿಯಿಂದ ನಿಂತಿರುತ್ತಿದ್ದಳು. ಪ್ರಾರ್ಥನೆಯಲ್ಲಿ ನಗುತ್ತಿದ್ದಳು, ಮೌನದ ಹೊತ್ತಿನಲ್ಲಿ ಗುನುಗುತ್ತಿದ್ದಳು, ಸೀಬೆ ಮರ ಹತ್ತುತ್ತಿದ್ದಳು, ಹತ್ತಿದ ಮೇಲೆ ಇಳಿಯಲು ನನ್ನನ್ನು ಕರೆಯುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪ್ರತಿ ಶನಿವಾರ ಸಂಜೆ ತಪ್ಪೊಪ್ಪಿಗೆ ಇತ್ತು. ಪಾದ್ರಿಗಳ ಹತ್ತಿರ ಗುಟ್ಟಾಗಿ ಮಾಡುವ ಪಾಪನಿವೇದನೆ ಬೇರೆ. ಇದು ಎಲ್ಲರೂ ಸೇರಿದ ಕೋಣೆಯಲ್ಲಿ, ಒಬ್ಬೊಬ್ಬರೇ ಮೊಣಕಾಲೂರಿ, ಆ ವಾರ ಮನೆಯ ನಿಯಮ ಮುರಿದದ್ದನ್ನು ಗಟ್ಟಿಯಾಗಿ ಹೇಳುವುದು. ಉಳಿದ ಕಾನ್ವೆಂಟುಗಳು ಇದನ್ನು ಎಂದೋ ಕೈಬಿಟ್ಟಿದ್ದವಂತೆ, ನಮ್ಮ ಮನೆ ಬಿಟ್ಟಿರಲಿಲ್ಲ. ಎರಡು ತಪ್ಪು ಹೇಳಬೇಕು. ಸಿಸ್ಟರ್ ಕೇಳಿ, ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳು ಎಂದೋ, ಎರಡು ದಿನ ಪಾತ್ರೆ ತಿಕ್ಕು ಎಂದೋ ಪ್ರಾಯಶ್ಚಿತ್ತ ಕೊಡುತ್ತಿದ್ದರು. ನನ್ನ ಕಷ್ಟವೇನೆಂದರೆ, ಮೂರನೇ ತಿಂಗಳ ಹೊತ್ತಿಗೆ ನನ್ನಲ್ಲಿ ತಪ್ಪುಗಳೇ ಮುಗಿದುಹೋದವು.

ನೀವು ನಗಬಹುದು. ನಾನು ಆಗ ನಗುತ್ತಿರಲಿಲ್ಲ. ಶುಕ್ರವಾರದಿಂದಲೇ ನನಗೆ ಚಿಂತೆ ಹತ್ತುತ್ತಿತ್ತು. ಬಾಗಿಲ ಸದ್ದು ಮಾಡಿದೆ ಎನ್ನೋಣವೆಂದರೆ ಸದ್ದು ಮಾಡಿಲ್ಲ, ಪ್ರಾರ್ಥನೆಗೆ ತಡವಾಯಿತೆನ್ನೋಣವೆಂದರೆ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದೇನೆ. ಏನೂ ಇಲ್ಲ ಎಂದರೆ ಸಿಸ್ಟರ್ ಒಪ್ಪುತ್ತಿರಲಿಲ್ಲ, ಹುಡುಕು ಎನ್ನುತ್ತಿದ್ದರು. ಕೊನೆಗೆ ಶಾಂತಿಯ ಹತ್ತಿರ ಹೇಳಿಕೊಂಡೆ. ಅವಳದು ಉದಾರ ಮನಸ್ಸು. "ಲೇ ಲೂರ್ದಿ, ನನ್ನವು ಬಾಳ ಅದಾವು, ಎರಡು ನೀ ಹೇಳಿಬಿಡು. ನಂಗೂ ಕಡಿಮಿ ಆಗ್ತಾವು" ಅಂದಳು. ಹಾಗೆ ಶುರುವಾಯಿತು. ನೆರೆಮನೆಯಿಂದ ಉಪ್ಪು ಎರವಲು ತರುವಂತೆ ನಾನು ಪ್ರತಿ ಶನಿವಾರ ಶಾಂತಿಯಿಂದ ಎರಡು ತಪ್ಪು ತರುತ್ತಿದ್ದೆ. ಸೀಬೆ ಮರ ಹತ್ತಿದೆ ಎಂದು ನಾನು ಮೊಣಕಾಲೂರಿ ಹೇಳಿದಾಗ ಸಿಸ್ಟರ್ ಬೆನೆಡಿಕ್ಟಾ ನನ್ನನ್ನು ಬಹಳ ಹೊತ್ತು ನೋಡಿದ್ದರು.

ಹೀಗಿರಲು ವರ್ಷ ಮುಗಿಯುತ್ತ ಬಂತು. ದೊಡ್ಡ ಮದರ್ ಬರುತ್ತಾರೆಂದು ನಾವೆಲ್ಲ ಸೇರಿ ಒಂದು ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿದೆವು. ಹುರಿದ ಶೇಂಗಾ, ಬೆಲ್ಲ, ಏಲಕ್ಕಿ. ಕಟ್ಟುವಾಗ ಬೆರಳು ಚೀಪುವಂತೆಯೂ ಇರಲಿಲ್ಲ. ಆದರೆ ಮದರ್ ಬರುವುದು ಒಂದು ವಾರ ಮುಂದೆ ಹೋಯಿತು. ಯಾರೂ ಮುಟ್ಟಬಾರದೆಂಬ ಅಪ್ಪಣೆಯೊಡನೆ ಡಬ್ಬಿ ಉಗ್ರಾಣ ಸೇರಿತು.

ಆ ಶನಿವಾರವೇ ಶಾಂತಿಗೆ ಕಣ್ಣುಬೇನೆ ಬರಬೇಕೆ. ಎಲ್ಲರಿಗೂ ಹತ್ತೀತೆಂದು ಅವಳನ್ನು ಬೇರೆ ಕೋಣೆಯಲ್ಲಿಟ್ಟು, ಯಾರೂ ಹೋಗಬೇಡಿ ಎಂದರು. ನನ್ನ ತಪ್ಪಿನ ಮೂಲವೇ ಮುಚ್ಚಿಹೋಯಿತು. ಸಂಜೆ ಸಾಲಿನಲ್ಲಿ ನಿಂತಿದ್ದೇನೆ, ನನ್ನ ಮುಂದೆ ಇಬ್ಬರೇ ಇದ್ದಾರೆ, ತಲೆಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಪಕ್ಕದ ಉಗ್ರಾಣದಿಂದ ಏಲಕ್ಕಿಯ ವಾಸನೆ ಬಂತು. ಮೊಣಕಾಲೂರಿ, "ಸಿಸ್ಟರ್, ನಾನು ಮೌನ ಮುರಿದೆ, ಡಬ್ಬಿಯಿಂದ ಒಂದು ಉಂಡಿ ತಿಂದೆ" ಎಂದುಬಿಟ್ಟೆ. ತುಂಬಿದ ಡಬ್ಬಿ, ಒಂದು ಉಂಡಿಯ ಹೆಚ್ಚುಕಡಿಮೆ ಯಾರಿಗೆ ತಿಳಿಯುತ್ತದೆ, ನಾಲ್ಕು ನಮೋ ಮರಿಯಕ್ಕೆ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು.

ಮರುದಿನ ಸಿಸ್ಟರ್ ಬೆನೆಡಿಕ್ಟಾ ನನ್ನನ್ನು ಉಗ್ರಾಣಕ್ಕೆ ಕರೆದರು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಅರ್ಧ ಖಾಲಿ.

"ಒಂದು ಅಂದೆ ಅಲ್ಲವಾ?" ಎಂದರು.

ಒಂದೂ ತಿಂದಿಲ್ಲ ಎಂದರೆ, ನಿನ್ನೆ ಎಲ್ಲರೆದುರು ಮೊಣಕಾಲೂರಿ ಸುಳ್ಳು ಹೇಳಿದ್ದೇಕೆ ಎಂದಾಗುತ್ತದೆ. ಒಂದೇ ತಿಂದೆ ಎಂದರೆ ಯಾರು ನಂಬುತ್ತಾರೆ. ಎಲ್ಲ ನಾನೇ ತಿಂದೆ ಎಂದರೆ ಅದು ಇನ್ನೊಂದು ಸುಳ್ಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಯಾರೋ ಅಂದ ಮೇಲೆ ಮುಟ್ಟಿಕೊಂಡ, ನಾನು ಯಾರೂ ಏನೂ ಅನ್ನುವ ಮೊದಲೇ ಹೆಗಲು ತೋರಿಸಿದ್ದೆ. ಸುಮ್ಮನೆ ನಿಂತೆ. ಸಿಸ್ಟರ್ ಡಬ್ಬಿಯ ಮುಚ್ಚಳ ಹಾಕಿ, ಹೋಗು ಎಂದರು.

ಆ ವಾರ ಟ್ರಂಕು ಕಣ್ಣಿಗೆ ಬಿದ್ದಾಗಲೆಲ್ಲ ಅತ್ತೆಯ ಮುಖ ಕಾಣುತ್ತಿತ್ತು. ಆದರೆ ನಿಜ ಹೇಳಬೇಕಲ್ಲ, ಒಂದು ಮೂಲೆಯಲ್ಲಿ ಸಣ್ಣ ಖುಷಿಯೂ ಇತ್ತು. ಊಟದ ಹೊತ್ತಿನಲ್ಲಿ ಓದುತ್ತಿದ್ದ ಚರಿತ್ರೆಗಳಲ್ಲಿ ಸುಳ್ಳು ಅಪವಾದ ಹೊತ್ತು ತುಟಿ ಬಿಚ್ಚದ ಸಂತರು ಬಹಳ ಜನ ಬರುತ್ತಿದ್ದರು. ನಾನೂ ಅವರ ಪಂಕ್ತಿಗೆ ಸೇರಿದೆನೆಂದು ತಲೆಬಾಗಿಸಿ ಗಂಜಿ ಉಣ್ಣುತ್ತಿದ್ದೆ. ಆ ಸಂತರ ಮೇಲೆ ಅಪವಾದ ಹೊರಿಸಿದವರು ಬೇರೆಯವರು, ನನ್ನ ಮೇಲೆ ಹೊರಿಸಿದವಳು ನಾನೇ ಎಂಬ ಸಣ್ಣ ವ್ಯತ್ಯಾಸವನ್ನು ಗಮನಿಸಲಿಲ್ಲ. ಕಣ್ಣುಬೇನೆ ವಾಸಿಯಾಗಿ ಬಂದ ಶಾಂತಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದೆ. ನಿಜವಾಗಿಯೂ ತಿಂದಿದ್ದರೆ ಚಲೋ ಇತ್ತು, ನನಗೂ ಒಂದು ಬರುತ್ತಿತ್ತು ಎಂದು ಅವಳು ನಿಟ್ಟುಸಿರಿಟ್ಟಳು.

ಗುರುವಾರ ದೊಡ್ಡ ಮದರ್ ಬಂದರು. ಶುಕ್ರವಾರ ಒಬ್ಬೊಬ್ಬರನ್ನೇ ಕರೆದರು. ನನ್ನನ್ನು ಮನೆಯ ಬಗ್ಗೆ, ಪ್ರಾರ್ಥನೆಯ ಬಗ್ಗೆ ಕೇಳಿ, ಕೊನೆಗೆ ಉಂಡಿಯ ವಿಷಯ ಏನಾದರೂ ಹೇಳುವುದಿದೆಯೇ ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಭಾನುವಾರ ತೀರ್ಮಾನ ಹೇಳುತ್ತೇನೆ ಎಂದರು. ಅವರ ಮುಖ ನೋಡಿದರೆ ತೀರ್ಮಾನ ಆಗಲೇ ಆದಂತಿತ್ತು.

ಶನಿವಾರ ಸಂಜೆ ತಪ್ಪೊಪ್ಪಿಗೆಗೆ ದೊಡ್ಡ ಮದರ್ ಕೂಡ ಬಂದು ಕೂತರು. ನಮ್ಮ ಸರದಿ ಮುಗಿಯಿತು. ಏಳಬೇಕು ಎನ್ನುವಷ್ಟರಲ್ಲಿ ಬಾಗಿಲ ಹತ್ತಿರ ಕೋಲಿನ ಸದ್ದಾಯಿತು. ಸಿಸ್ಟರ್ ರೊಜಾಲಿಯ ಒಳಗೆ ಬಂದು, ಹುಡುಗಿಯರ ಸಾಲಿನ ಕೊನೆಗೆ ನಿಂತರು. ಮಂಡಿನೋವಿನಿಂದ ಅವರು ಪ್ರಾರ್ಥನೆ ನಡೆಯುವ ಚಾಪೆಲ್ಲಿನಲ್ಲೂ ಕುರ್ಚಿಯ ಮೇಲೇ ಕೂರುತ್ತಿದ್ದವರು. ಸಿಸ್ಟರ್ ಬೆನೆಡಿಕ್ಟಾ ಬೇಡ ಬೇಡ ಎಂದು ಎದ್ದರೂ ಕೇಳಲಿಲ್ಲ. ಶಾಂತಿಯ ಹೆಗಲು ಹಿಡಿದು ಒಂದು ಮೊಣಕಾಲು, ಆಮೇಲೆ ಇನ್ನೊಂದು, ನೆಲಕ್ಕೆ ಊರಿದರು.

"ಉಂಡಿ ತಿಂದಾಕಿ ನಾನ್ರಿ ಸಿಸ್ಟರ್. ಒಂದಲ್ಲ. ದಿನಾ ಎರಡು, ಕೆಲವು ದಿನ ಮೂರು. ಡಾಕ್ಟರು ಬ್ಯಾಡ ಅಂದದ್ದು ನೆನಪಿತ್ತು, ಆದ್ರೂ ತಿಂದೆ. ಈ ಹುಡುಗಿ ಯಾಕ ತನ್ನ ಮ್ಯಾಲ ಹಾಕ್ಕೊಂಡಾಳೋ ನಂಗ ತಿಳೀವಲ್ದು. ಒಂದು ವಾರ ಸುಮ್ಮನಿದ್ದೆ, ಇನ್ನ ಆಗಂಗಿಲ್ಲ. ನನ್ನ ತಪ್ಪು ನಂಗ ವಾಪಸ್ ಕೊಡಸ್ರಿ."

ದೊಡ್ಡ ಮದರ್ ಎದ್ದು ಬಂದು ಅಜ್ಜಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ನನ್ನ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಮುದುಕಿಯೊಬ್ಬರ ಮಾನ ಉಳಿಸಲು ಈ ಮಗು ಕಳ್ಳತನದ ಹೆಸರು ಹೊತ್ತು ಒಂದು ವಾರ ಬಾಯಿ ಬಿಡಲಿಲ್ಲವಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಆಗ ನಾನೇನು ಮಾಡಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ನಾನು ಮಾಡಿದ್ದು, ತಲೆಯನ್ನು ಇನ್ನೂ ಸ್ವಲ್ಪ ತಗ್ಗಿಸಿದ್ದು.

ಭಾನುವಾರ ಪೂಜೆ ಮುಗಿದು ನಾಷ್ಟಾದ ಹೊತ್ತಿಗೆ ಮದರ್ ಹೆಸರು ಓದಿದರು. ಮೊದಲ ಹೆಸರು ನನ್ನದು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಂತಿಯ ಹೆಸರೂ ಬಂತು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಸಿಸ್ಟರ್ ರೊಜಾಲಿಯ ಕೋಲೂರಿಕೊಂಡು ಬಂದು, ಉಂಡಿ ಕದ್ದ ಆ ಸುಕ್ಕು ಕೈಗಳಲ್ಲಿ ನನ್ನ ಕೈ ಹಿಡಿದು, "ನನ್ನಂಥಾಕಿ ಸಲುವಾಗಿ ನೀ ಯಾಕವ್ವಾ ಹೆಸರು ಕೆಡಿಸಿಕೊಂಡಿ" ಎಂದು ಅತ್ತುಬಿಟ್ಟರು. ನನಗೆ ನಾಚಿಕೆಯಾಯಿತು. ಆ ವರ್ಷದಲ್ಲಿ ನನಗೆ ನಿಜವಾಗಿ ನಾಚಿಕೆಯಾದದ್ದು ಅದೇ ಮೊದಲು.

ಉಪ್ಪಿಟ್ಟಿನ ತಟ್ಟೆ ಬಿಟ್ಟು ಅಲ್ಲೇ ಮೊಣಕಾಲೂರಿದೆ. ನಾನು ಯಾರನ್ನೂ ಉಳಿಸಲಿಲ್ಲ, ಯಾರು ತಿಂದರೆಂದು ನನಗೆ ಗೊತ್ತೇ ಇರಲಿಲ್ಲ, ಹೇಳಲು ತಪ್ಪು ಸಿಗದೆ ಕಟ್ಟಿ ಹೇಳಿದೆ, ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಬೇರೆಯವರ ತಪ್ಪು ಎರವಲು ತಂದು ಹೇಳುತ್ತಿದ್ದೆ ಎಂದು ಒಂದೇ ಉಸಿರಿಗೆ ಒದರಿದೆ. ಯಾರಿಂದ ತರುತ್ತಿದ್ದೆ ಎಂದು ಮಾತ್ರ ಹೇಳಲಿಲ್ಲ. ಹಿಂದಿನಿಂದ ಶಾಂತಿ, "ಕೊಟ್ಟಾಕಿ ನಾನ್ರಿ, ಇನ್ನೂ ಬೇಕಾದಷ್ಟು ಉಳಿದಾವು" ಎಂದು ತಾನೂ ಮೊಣಕಾಲೂರಿದಳು. ದೊಡ್ಡ ಮದರ್ ಕಣ್ಣಲ್ಲಿದ್ದ ನೀರು ಇಂಗಿಹೋಯಿತು. ಸಿಸ್ಟರ್ ಬೆನೆಡಿಕ್ಟಾ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನಾನು ಹೆದರಿದ್ದೆ, ಅಲ್ಲವಂತೆ.

ಮದರ್, ಸಿಸ್ಟರ್ ಇಬ್ಬರೂ ಒಳಗೆ ಹೋಗಿ ಬಹಳ ಹೊತ್ತು ಮಾತಾಡಿಕೊಂಡರು. ಹೊರಗೆ ಬಂದು ತೀರ್ಪು ಹೇಳಿದವರು ಸಿಸ್ಟರ್ ಬೆನೆಡಿಕ್ಟಾ.

"ಶಾಂತಿ ಹೋಗಲಿ. ಅವಳ ತಪ್ಪು ಅವಳಿಗೆ ಗೊತ್ತುಂಟು. ನೀನು ಇನ್ನು ಆರು ತಿಂಗಳು ಇಲ್ಲಿಯೇ ಇರು. ನಿನ್ನದೇ ಆದ ಒಂದು ತಪ್ಪು ಹುಡುಕು. ಸಿಕ್ಕಿದ ದಿನ ಕಳಿಸುತ್ತೇನೆ, ಸಿಗದಿದ್ದರೆ ಮನೆಗೆ ಕಳಿಸುತ್ತೇನೆ."

ಮರ ಹತ್ತುವವಳು ಮುಂದೆ ಹೋದಳು, ಕೆಳಗೆ ನಿಂತು ಅವಳನ್ನು ಇಳಿಸುತ್ತಿದ್ದ ನಾನು ಹಿಂದುಳಿದೆ. ಅಪ್ಪನಿಗೆ ಕಾಗದ ಬರೆದೆ. ಅಪ್ಪ ಊರಲ್ಲಿ, ಮಗಳು ಫೇಲಾಗಿಲ್ಲ, ಒಂದು ವಿಷಯದಲ್ಲಿ ಸಪ್ಲಿಮೆಂಟರಿ ಕಟ್ಟಿದ್ದಾಳೆ ಎಂದು ಹೇಳಿದನಂತೆ. ಅತ್ತೆ ಬಸ್ಸುಗಳ ಕಡೆ ಒಂದು ಕಣ್ಣಿಟ್ಟೇ ಇದ್ದಳಂತೆ.

ಆ ಆರು ತಿಂಗಳು ಸಿಸ್ಟರ್ ರೊಜಾಲಿಯ ಅವರ ಊಟ, ಮಾತ್ರೆ, ಪಥ್ಯ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಅಜ್ಜಿ ಬಹಳ ಜಾಣೆ. ಕನ್ನಡಕದ ಪೆಟ್ಟಿಗೆಯಲ್ಲಿ ಬೆಲ್ಲದ ಚೂರು, ಪ್ರಾರ್ಥನಾ ಪುಸ್ತಕದ ಹಿಂದೆ ಪೆಪ್ಪರ್‌ಮಿಂಟು. ನಾನು ಹುಡುಕುವುದು, ಅವರು ಇನ್ನೊಂದು ಜಾಗ ಮಾಡುವುದು. ಮೊದಮೊದಲು ಆಟವಾಗಿತ್ತು. ಆಮೇಲೆ ಅವರು ಸಿಕ್ಕಿಬಿದ್ದಾಗಲೆಲ್ಲ ನನಗೆ ಒಳಗೊಳಗೇ ಗೆದ್ದಂತಾಗುತ್ತಿತ್ತು. ಒಂದು ಮಧ್ಯಾಹ್ನ ದಿಂಬಿನ ಚೀಲದಿಂದ ಬೆಲ್ಲ ತೆಗೆದು ಅವರ ಮುಖದೆದುರು ಹಿಡಿದು, ಬುದ್ಧಿ ಬೇಡವೇ, ಇಷ್ಟು ವಯಸ್ಸಾಗಿ ಹೀಗೆ ಮಾಡುವವರು ಸಿಸ್ಟರ್ ಆದದ್ದಾದರೂ ಹೇಗೆ ಎಂದು ಕೂಗಾಡಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿದ್ದ ಇನ್ನೊಂದು ಚೂರನ್ನೂ ಬಿಚ್ಚಿ, "ತಗೋ ಯವ್ವಾ, ಇದೂ ಐತಿ" ಎಂದು ನನ್ನ ಅಂಗೈಯಲ್ಲಿಟ್ಟು ಗೋಡೆ ಕಡೆ ತಿರುಗಿ ಮಲಗಿದರು.

ನಾನು ನೀರಿನ ಟ್ಯಾಂಕಿನ ಹಿಂದೆ ಹೋಗಿ ಅತ್ತುಬಿಟ್ಟೆ. ಆ ವಾರದ ಶನಿವಾರ ಸಾಲಿನಲ್ಲಿ ನಿಂತಾಗ ತಲೆ ಖಾಲಿಯಿರಲಿಲ್ಲ. ಹೇಳುತ್ತ ಹೋದರೆ ಒಂದಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತಿತ್ತು. ಎಲ್ಲರಿಗಿಂತ ಮೊದಲು ಚಾಪೆಲ್ಲಿಗೆ ಹೋಗಿ ಕೂತು ತಡವಾಗಿ ಬಂದವರನ್ನು ಓರೆಗಣ್ಣಲ್ಲಿ ಎಣಿಸುತ್ತಿದ್ದದ್ದು, ಅಪ್ಪನ ಕಾಗದದಲ್ಲಿ ದೀರ್ಘ ಬಿಟ್ಟದ್ದು, ಮದರ್ ಕೈ ತಲೆಯ ಮೇಲಿದ್ದಾಗ ಅದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಅನಿಸಿದ್ದು. ಸಿಸ್ಟರ್ ಬೆನೆಡಿಕ್ಟಾ ಕೈಯೆತ್ತಿ, ಸಾಕು, ಇವತ್ತಿಗೆ ಎರಡೇ ಹೇಳು, ಉಳಿದವರಿಗೂ ಹೊತ್ತು ಬೇಕು ಎಂದರು. ಮುಂದಿನ ಶನಿವಾರವೂ ಹಾಗೇ ಆಯಿತು, ಅದರ ಮುಂದಿನದೂ.

ಆರು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಸಿಸ್ಟರ್ ನನ್ನ ಟ್ರಂಕು ತೆಗೆಸಿದರು. ಯಾವ ಕಡೆಯ ಬಸ್ಸಿಗೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ತೆಲಿಗಿಗೆ ಹೋಗುವುದಕ್ಕೂ ಕರಾವಳಿಯ ಬಸ್ಸು ಸಿಗುವ ದಾವಣಗೆರೆಗೆ ಹೋಗುವುದಕ್ಕೂ ಹರಪನಹಳ್ಳಿಯ ದಾರಿಯೇ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆವು. ಬಸ್ಸು ಬಂತು. ಸಿಸ್ಟರ್ ಟ್ರಂಕು ಮೇಲೆ ಹತ್ತಿಸಿ, ನನ್ನನ್ನು ಒಳಗೆ ಕೂರಿಸಿ, ಕಂಡಕ್ಟರಿಗೆ ಏನೋ ಹೇಳಿ, ಕಿಟಕಿಯ ಹತ್ತಿರ ಬಂದು ಕೇಳಿದರು.

"ಸಿಕ್ಕಿತಾ?"

"ಸಿಕ್ಕಾವ್ರಿ ಸಿಸ್ಟರ್" ಎಂದೆ. "ಯಾವುದರಿಂದ ಶುರು ಮಾಡ್ಲಿ?"

ಅವರು ದಾವಣಗೆರೆಯ ಟಿಕೆಟನ್ನು ನನ್ನ ಕೈಗೆ ತುರುಕಿ, ಬಸ್ಸಿನ ತಗಡಿಗೆ ಎರಡು ಏಟು ಬಡಿದರು.

"ಶುರು ಮಾಡಬೇಡ ಮಾರಾಯ್ತಿ, ಅವರಿಗೆ ಬಸ್ಸು ಬಿಡಲಿಕ್ಕುಂಟು."